ರಂಗಕಾಳಗದ ಅಭ್ಯಾಸ ಮತ್ತು ಉಡುಪು: ಒಂದು ಚಾರಿತ್ರಿಕ ಅವಲೋಕನ

ಕಾಳಗಕ್ಕೆ ಸಿದ್ಧನಾಗುವುದನ್ನು ಸೂಚಿಸುವ ಕನ್ನಡದ ಮಾತುಗಳಲ್ಲಿ ಹಲವು ಆಯುಧಕ್ಕೆ ಸಂಬಂಧಿಸಿದವಲ್ಲ, ಉಡುಪಿಗೆ ಸಂಬಂಧಿಸಿದವು. ಟೊಂಕ ಕಟ್ಟುವುದು, ನಡು ಕಟ್ಟುವುದು, ವೀರಗಚ್ಚೆ ಹಾಕುವುದು, ಹೆಂಗಸರ ವಿಷಯದಲ್ಲಾದರೆ ಗಂಡುಗಚ್ಚೆ ಹಾಕಿ ಸೆರಗು ಸಿಕ್ಕಿಸುವುದು ಇವೆಲ್ಲ ಇಂದು ಲಾಕ್ಷಣಿಕವಾಗಿ ಬಳಕೆಯಾಗುತ್ತಿದ್ದರೂ ಮೂಲದಲ್ಲಿ ಬಟ್ಟೆಯನ್ನು ಮೈಗೆ ಬಿಗಿಯುವ ಕ್ರಿಯೆಗಳೇ ಆಗಿವೆ. ನಾಡಿನ ಉದ್ದಗಲಕ್ಕೂ ದೊರೆಯುವ ವೀರಗಲ್ಲುಗಳ ಕೆಳಹಂತದ ಪಟ್ಟಿಕೆಗಳನ್ನು ನೋಡಿದರೆ ಈ ಮಾತುಗಳ ಹಿಂದಿನ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಹೋರಾಡುವ ವೀರನ ಕೆಳಉಡುಪು ಮೊಣಕಾಲಿನ ಮೇಲೆ ನಿಲ್ಲುವಂತೆ ಬಿಗಿದಿರುತ್ತದೆ. ನಡುವಿಗೆ ಪಟ್ಟಿ, ಅದರಲ್ಲಿ ಕಠಾರಿ. ಕೂದಲು ತುರುಬಾಗಿ ಕಟ್ಟಿರುತ್ತದೆ. ಅದೇ ಕಲ್ಲಿನ ಮೇಲಿನ ಪಟ್ಟಿಕೆಯಲ್ಲಿ, ಅಂದರೆ ಸ್ವರ್ಗಕ್ಕೆ ಏರಿದ ಬಳಿಕ, ಅವನು ನಿರಾಳವಾಗಿ ಕುಳಿತಿರುತ್ತಾನೆ. ಜೀವಕ್ಕೆ ಅಪಾಯವಿರುವ ಕಡೆ ಸಡಿಲವಾದ ಬಟ್ಟೆ, ಬಿಚ್ಚಿದ ಕೂದಲು, ಜೋಲಾಡುವ ಒಡವೆ ಸಲ್ಲವೆಂಬ ತಿಳಿವಳಿಕೆ ಶಿಲ್ಪಿಗೂ ಇತ್ತು.

ರಂಗದ ಮೇಲಿನ ಕಾಳಗದಲ್ಲಿ ಈ ತಿಳಿವಳಿಕೆ ಒಂದು ವಿಚಿತ್ರ ಇಕ್ಕಟ್ಟಿಗೆ ಸಿಕ್ಕುತ್ತದೆ. ರಂಗದ ವೀರನು ಬಿಗಿದ ಬಟ್ಟೆಯಲ್ಲಿ ಹೋರಾಡುವುದಿಲ್ಲ. ಅವನು ರಾಜನಂತೆ, ದೇವತೆಯಂತೆ, ರಾಕ್ಷಸನಂತೆ ಕಾಣಬೇಕು. ಕಿರೀಟ, ಭುಜಕೀರ್ತಿ, ಹಾರ, ಉತ್ತರೀಯಗಳನ್ನು ಹೊತ್ತು ಹೋರಾಡಬೇಕು. ಎದುರಾಳಿಯನ್ನು ಕೊಲ್ಲುವಂತೆ ತೋರಬೇಕು ಮತ್ತು ಅವನಿಗೆ ಗೀರೂ ಆಗದಂತೆ ನೋಡಿಕೊಳ್ಳಬೇಕು. ಹೀಗಾಗಿ ರಂಗಕಾಳಗವನ್ನು ಕಲಿಯುವವನು ಏನನ್ನು ಉಟ್ಟು ಕಲಿಯಬೇಕೆಂಬ ಪ್ರಶ್ನೆ ಮೇಲ್ನೋಟಕ್ಕೆ ಕಾಣುವಷ್ಟು ಸಣ್ಣದಲ್ಲ. ವೇಷಭೂಷಣವನ್ನು ಕುರಿತ ನಮ್ಮ ಅಧ್ಯಯನಗಳು ಬಹುಮಟ್ಟಿಗೆ ಬಣ್ಣ, ಆಕಾರ, ಸಾಂಕೇತಿಕತೆಗಳ ಸುತ್ತ ನಿಂತಿವೆ. ಉಡುಪು ನಟನ ಮೈಯನ್ನು ಕಾಯುವ ಸಾಧನವೂ ಹೌದು, ಕೆಲವೊಮ್ಮೆ ಅದೇ ಅಪಾಯದ ಮೂಲವೂ ಹೌದು ಎಂಬ ದೃಷ್ಟಿಯಿಂದ ಈ ಸಾಮಗ್ರಿಯನ್ನು ನೋಡುವ ಪ್ರಯತ್ನ ಕಡಿಮೆ.

ನಾಟ್ಯಶಾಸ್ತ್ರದ ನಿಲುವು

ಭರತನ ನಾಟ್ಯಶಾಸ್ತ್ರವು ರೂಪಕದ ಅಂಕದಲ್ಲಿ ಯುದ್ಧ, ರಾಜ್ಯಭ್ರಂಶ, ಮರಣ, ನಗರದ ಮುತ್ತಿಗೆ ಇವುಗಳನ್ನು ಪ್ರತ್ಯಕ್ಷವಾಗಿ ತೋರಿಸದೆ ಪ್ರವೇಶಕದ ಮೂಲಕ ಸೂಚಿಸಬೇಕೆಂದು ವಿಧಿಸುತ್ತದೆ. ಇದೊಂದನ್ನೇ ಹಿಡಿದು ಪ್ರಾಚೀನ ಭಾರತೀಯ ರಂಗಭೂಮಿಯಲ್ಲಿ ಕಾಳಗವೇ ಇರಲಿಲ್ಲವೆಂದು ತೀರ್ಮಾನಿಸುವುದು ಅವಸರದ ಮಾತಾಗುತ್ತದೆ. ಡಿಮ, ವ್ಯಾಯೋಗ, ಸಮವಕಾರ, ಈಹಾಮೃಗಗಳಂತಹ ರೂಪಕಪ್ರಕಾರಗಳು ಉದ್ಧತವಾದ ಹೋರಾಟವನ್ನೇ ಬೇಡುತ್ತವೆ. ಅದಕ್ಕೆ ತಕ್ಕಂತೆ ಚಾರೀವಿಧಾನವನ್ನು ಹೇಳುವ ಅಧ್ಯಾಯದಲ್ಲಿ ಭರತನು ಆಯುಧಪ್ರಯೋಗದ ನಾಲ್ಕು ‘ನ್ಯಾಯ’ಗಳನ್ನು ವಿವರಿಸುತ್ತಾನೆ: ಭಾರತ, ಸಾತ್ವತ, ವಾರ್ಷಗಣ್ಯ, ಕೈಶಿಕ. ಮೊದಲನೆಯದರಲ್ಲಿ ಪ್ರಹಾರದ ಗುರಿ ಸೊಂಟ, ಎರಡನೆಯದರಲ್ಲಿ ಕಾಲು, ಮೂರನೆಯದರಲ್ಲಿ ಎದೆ, ನಾಲ್ಕನೆಯದರಲ್ಲಿ ತಲೆ. ಯಾವ ಕ್ರಮದಲ್ಲಿ ಯಾವ ಅಂಗಕ್ಕೆ ಏಟು ಬರುತ್ತದೆಂಬುದು ಇಬ್ಬರು ನಟರಿಗೂ ಮೊದಲೇ ಗೊತ್ತಿರುತ್ತದೆ. ರಂಗಕಾಳಗದ ಸುರಕ್ಷತೆಯ ಮೊದಲ ಸೂತ್ರವೇ ಇದು.

ಎರಡನೆಯ ಸೂತ್ರವನ್ನೂ ಆ ಪ್ರಕರಣವೇ ಹೇಳುತ್ತದೆ. ರಂಗದ ಮೇಲೆ ನಿಜವಾಗಿ ಇರಿಯುವುದಾಗಲಿ, ಕತ್ತರಿಸುವುದಾಗಲಿ, ರಕ್ತ ಹರಿಸುವುದಾಗಲಿ ಕೂಡದು. ಆಯುಧದ ಬಿಡುಗಡೆಯನ್ನು ಸಂಜ್ಞೆಯಿಂದ ಮಾತ್ರ ತೋರಿಸಬೇಕು. ಇದರ ಬೆನ್ನಿಗೇ ಅಭ್ಯಾಸದ ಕ್ರಮ ಬರುತ್ತದೆ. ಮೈಗೆ ಎಣ್ಣೆ ಹಚ್ಚಿ, ಗಂಜಿಯಿಂದ ತಿಕ್ಕಿ, ಲಯತಾಳಗಳಿಗೆ ಹೊಂದುವಂತೆ ವ್ಯಾಯಾಮ ಮಾಡಬೇಕು. ದಣಿದವನು, ಹಸಿದವನು, ಬಾಯಾರಿದವನು, ಅತಿಯಾಗಿ ತಿಂದವನು, ಅತಿಯಾಗಿ ಕುಡಿದವನು ಅಭ್ಯಾಸಕ್ಕೆ ಇಳಿಯಬಾರದು. ಎಣ್ಣೆ, ಗಂಜಿ, ಆಹಾರ, ನಸ್ಯಗಳವರೆಗೆ ಹೇಳುವ ಈ ಭಾಗದಲ್ಲಿ ಅಭ್ಯಾಸಿಯ ಬಟ್ಟೆಯ ಪ್ರಸ್ತಾಪ ಬರುವುದಿಲ್ಲ. ಎಣ್ಣೆ ಹಚ್ಚಿದ ಮೈಯೇ ಅವನ ಉಡುಪು ಎಂದು ತಿಳಿಯಬೇಕಾಗುತ್ತದೆ. ಎದೆ ಚತುರಸ್ರವಾಗಿದೆಯೇ, ಅಂಗಗಳಲ್ಲಿ ಸೌಷ್ಠವವಿದೆಯೇ ಎಂಬುದನ್ನು ಗುರು ಕಣ್ಣಿನಿಂದ ನೋಡಿ ತಿದ್ದಬೇಕಾದರೆ ಬಟ್ಟೆ ಅಡ್ಡವಾಗಬಾರದು.

ಬಟ್ಟೆಯ ಮಾತು ಬರುವುದು ಬೇರೊಂದು ಕಡೆ, ಆಹಾರ್ಯಾಭಿನಯದ ಅಧ್ಯಾಯದಲ್ಲಿ. ಅಲ್ಲಿನ ವಿವೇಚನೆ ಇಂದಿನ ಯಾವ ರಂಗಸುರಕ್ಷತೆಯ ಕೈಪಿಡಿಗೂ ಕಡಿಮೆಯಿಲ್ಲ. ಭಾರವಾದ ಆಭರಣಗಳನ್ನು ಹೊತ್ತ ನಟನು ಚೇಷ್ಟೆಗಳನ್ನು ಸರಿಯಾಗಿ ಮಾಡಲಾರ. ಅವನಿಗೆ ಬಳಲಿಕೆ, ಬೆವರು, ಕೊನೆಗೆ ಮೂರ್ಛೆಯೂ ಉಂಟಾಗಬಹುದು. ಆದಕಾರಣ ಒಡವೆಗಳನ್ನು ತೆಳುವಾದ ತಗಡಿನಿಂದ ಅಥವಾ ಅರಗು ತುಂಬಿ ಹಗುರವಾಗಿ ಮಾಡಬೇಕು. ಆಯುಧಗಳ ವಿಷಯದಲ್ಲೂ ಹಾಗೆಯೇ. ಕಬ್ಬಿಣದ ನಿಜ ಆಯುಧದ ಬದಲು ಹುಲ್ಲು, ಬಿದಿರು, ಅರಗು, ಬಟ್ಟೆ, ತೊಗಲುಗಳಿಂದ ಅದರ ಅನುಕೃತಿಯನ್ನು ಮಾಡಿಕೊಳ್ಳಬೇಕು. ನಟನ ಮೂರ್ಛೆಯನ್ನು ಶಾಸ್ತ್ರಗ್ರಂಥವೊಂದು ವೇಷಭೂಷಣದ ದೋಷವಾಗಿ ಕಂಡಿರುವುದು ಗಮನಾರ್ಹ. ಯಾರೋ ಒಬ್ಬ ನಟ ಕಿರೀಟದ ಭಾರಕ್ಕೆ ಕುಸಿದುದನ್ನು ಕಣ್ಣಾರೆ ಕಂಡವರ ಅನುಭವ ಇದರ ಹಿಂದೆ ಇದ್ದಿರಬೇಕು.

ಹೀಗೆ ಅಭ್ಯಾಸಕ್ಕೆ ಬರಿಮೈ, ಪ್ರಯೋಗಕ್ಕೆ ಹಗುರ ಮಾಡಿದ ವೇಷ ಎಂಬ ಎರಡು ಕೊನೆಗಳನ್ನು ಭರತನು ಸ್ಪಷ್ಟವಾಗಿ ಹಾಕಿಕೊಟ್ಟಿದ್ದಾನೆ. ಒಂದರಿಂದ ಇನ್ನೊಂದಕ್ಕೆ ನಟ ಹೇಗೆ ದಾಟಬೇಕೆಂಬುದನ್ನು ಮಾತ್ರ ಗ್ರಂಥ ಬಿಡಿಸಿ ಹೇಳುವುದಿಲ್ಲ. ಆ ಕೆಲಸವನ್ನು ಜೀವಂತ ಪರಂಪರೆಗಳು ತಮ್ಮ ತಮ್ಮ ರೀತಿಯಲ್ಲಿ ಮಾಡಿಕೊಂಡವು.

ಕಳರಿ, ಗರಡಿ, ಅರಮನೆಯ ಅಂಗಳ

ಕೇರಳದ ಕಳರಿಪಯಟ್ಟಿನಲ್ಲಿ ಅಭ್ಯಾಸಿಯ ಉಡುಪೆಂದರೆ ನಡುವಿಗೆ ಮತ್ತು ತೊಡೆಸಂದಿಗೆ ಬಿಗಿಯಾಗಿ ಸುತ್ತಿದ ‘ಕಚ್ಚ’ ಮಾತ್ರ. ಉದ್ದವಾದ ಬಟ್ಟೆಯನ್ನು ಸುತ್ತುಸುತ್ತಾಗಿ ಬಿಗಿಯುವುದರಿಂದ ಜಿಗಿತ ಮತ್ತು ಆಳವಾದ ಮಂಡಿಗಳಲ್ಲಿ ಕೆಳಹೊಟ್ಟೆಗೂ ಸೊಂಟಕ್ಕೂ ಆಸರೆ ದೊರೆಯುತ್ತದೆ. ಎದುರಾಳಿಯ ಕೈಗೆ ಸಿಗುವಂತಹ ಅಂಚು ಎಲ್ಲಿಯೂ ಉಳಿಯುವುದಿಲ್ಲ. ಉಳಿದ ಮೈಗೆ ಎಣ್ಣೆ. ಕಾಲಿಗೆ ಏನೂ ಇಲ್ಲ. ನೆಲ ಅಗೆದು ಮಾಡಿದ ಮಣ್ಣಿನ ಕಳರಿಯಲ್ಲಿ ಬರಿಗಾಲೇ ಹಿಡಿತ. ಈ ವ್ಯವಸ್ಥೆಯನ್ನು ಕಥಕಳಿ ಬಹುಮಟ್ಟಿಗೆ ಹಾಗೆಯೇ ಎತ್ತಿಕೊಂಡಿತು. ವಳ್ಳತ್ತೋಳರು 1930ರಲ್ಲಿ ಆರಂಭಿಸಿದ ಕೇರಳ ಕಲಾಮಂಡಲದಲ್ಲಿಯೂ ಮಳೆಗಾಲದ ಮೈಸಾಧನೆ ನಡೆದದ್ದು ಎಣ್ಣೆ, ಕಚ್ಚ ಮತ್ತು ಗುರುವಿನ ಪಾದದ ಉಜ್ಜುವಿಕೆಗಳೊಂದಿಗೆ. ಆದರೆ ರಂಗಕ್ಕೆ ಬಂದ ಕಥಕಳಿ ನಟನು ಪದರಪದರವಾಗಿ ಉಬ್ಬಿದ ಉಡುಪು ಮತ್ತು ದೊಡ್ಡ ಕಿರೀಟವನ್ನು ಹೊತ್ತಿರುತ್ತಾನೆ. ಬರಿಮೈಗೂ ತುಂಬುವೇಷಕ್ಕೂ ನಡುವಿನ ಅಂತರ ಇಷ್ಟು ದೊಡ್ಡದಾಗಿರುವ ಕಲೆ ಇನ್ನೊಂದನ್ನು ಕಾಣುವುದು ಕಷ್ಟ.

ಕರ್ನಾಟಕದ ಗರಡಿಮನೆಗಳಲ್ಲಿ ಲಂಗೋಟಿ ಮತ್ತು ಕೆಮ್ಮಣ್ಣು ಇದೇ ಕೆಲಸವನ್ನು ಮಾಡಿದವು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದ, ಅಂಕವಿನೋದ ಎಂಬ ಪ್ರಕರಣಗಳೇ ಇವೆ. ಮಲ್ಲರ ಆಹಾರ, ಭಾರಶ್ರಮ, ಸ್ತಂಭಶ್ರಮ ಮುಂತಾದ ಸಾಧನೆಗಳನ್ನು ಅದು ವಿವರಿಸುತ್ತದೆ. ಹನ್ನೆರಡನೆಯ ಶತಮಾನದ ಹೊತ್ತಿಗೆ ಕಾಳಗವು ಅರಸನ ಮುಂದೆ ಪ್ರದರ್ಶನಗೊಳ್ಳುವ ‘ವಿನೋದ’ವೂ ಆಗಿತ್ತೆಂಬುದಕ್ಕೆ ಇದು ಆಧಾರ. ಆದರೆ ಈ ವಿನೋದವನ್ನು ರಂಗಕಾಳಗದೊಂದಿಗೆ ಒಂದಾಗಿ ಎಣಿಸಬಾರದು. ವ್ಯತ್ಯಾಸವನ್ನು ತಿಳಿಯಲು ಮೈಸೂರು ಅರಮನೆಯ ವಿಜಯದಶಮಿಯ ವಜ್ರಮುಷ್ಟಿ ಕಾಳಗವನ್ನು ನೋಡಬಹುದು. ಅಲ್ಲಿ ಜಟ್ಟಿಗಳು ತಲೆ ಬೋಳಿಸಿಕೊಂಡು, ಬಿಗಿಯಾದ ಲಂಗೋಟಿ ಧರಿಸಿ, ಕೈಗೆ ವಜ್ರನಖವನ್ನು ಕಟ್ಟಿಕೊಂಡು ಎದುರಾಗುತ್ತಾರೆ. ಒಬ್ಬನ ತಲೆಯಲ್ಲಿ ರಕ್ತ ಕಂಡೊಡನೆ ಕಾಳಗ ನಿಲ್ಲುತ್ತದೆ. ಬೋಳಿಸಿದ ತಲೆ ರಕ್ತವನ್ನು ಮರೆಮಾಡದು. ಇಲ್ಲಿ ಮೈಯ ಸಜ್ಜು ಗಾಯವನ್ನು ತಡೆಯಲಿಕ್ಕಲ್ಲ, ಗಾಯವನ್ನು ಬೇಗನೆ ಕಾಣಿಸಿ ಹೋರಾಟವನ್ನು ಮುಗಿಸಲಿಕ್ಕೆ. ಅದೂ ಒಂದು ಬಗೆಯ ಸುರಕ್ಷತೆಯೇ, ಆದರೆ ಭರತನು ರಂಗದಿಂದ ಹೊರಗಿಟ್ಟ ಬಗೆ.

ಯಕ್ಷಗಾನ: ಕಟ್ಟುವ ವೇಷ, ಏರುವ ಭಾರ

ಕನ್ನಡದ ಪ್ರದರ್ಶನಕಲೆಗಳಲ್ಲಿ ಕಾಳಗವನ್ನು ಅತ್ಯಂತ ವಿಸ್ತಾರವಾಗಿ ಬೆಳೆಸಿದ್ದು ಯಕ್ಷಗಾನ. ಕಾಳಗವೆಂದೇ ಹೆಸರು ಪಡೆದ ಪ್ರಸಂಗಗಳ ಸಂಖ್ಯೆ ದೊಡ್ಡದು. ಇಲ್ಲಿಯ ವೇಷದ ಬಗ್ಗೆ ಮೊದಲು ಗಮನಿಸಬೇಕಾದದ್ದು ಕ್ರಿಯಾಪದವನ್ನು. ಯಕ್ಷಗಾನದಲ್ಲಿ ವೇಷವನ್ನು ತೊಡುವುದಿಲ್ಲ, ಕಟ್ಟುತ್ತಾರೆ. ಬಡಗುತಿಟ್ಟಿನ ಕಸೆಸೀರೆಯಿಂದ ಆರಂಭಿಸಿ ಎದೆಕಟ್ಟು, ತೋಳುಕಟ್ಟು, ಕೈಕಟ್ಟು, ಡಾಬು, ವೀರಗಸೆ, ಭುಜಕೀರ್ತಿ, ಕಾಲ್ಕಡಗ, ಗೆಜ್ಜೆ, ಕೊನೆಗೆ ಮುಂಡಾಸು ಇಲ್ಲವೆ ಕಿರೀಟ, ಒಂದೊಂದೂ ದಾರದ ಗಂಟಿನಿಂದ ಮೈಗೆ ಬಿಗಿಯಲ್ಪಡುತ್ತದೆ. ಆಭರಣಗಳ ಮೂಲ ಸಾಮಗ್ರಿ ಹಗುರವಾದ ಮರ. ಅದರ ಮೇಲೆ ಬೇಗಡೆ ಮತ್ತು ಕನ್ನಡಿಯ ಚೂರುಗಳು. ದೀವಟಿಗೆಯ ಬೆಳಕಿನಲ್ಲಿ ಚಿನ್ನದಂತೆ ಹೊಳೆಯುವ ಈ ಒಡವೆಗಳು ತೆಳು ತಗಡು, ಅರಗುಗಳ ಬಗ್ಗೆ ಭರತನು ಹೇಳಿದ ಉಪಾಯದ ಕರಾವಳಿಯ ರೂಪ ಎನ್ನಲು ಅಡ್ಡಿಯಿಲ್ಲ. ಆದರೂ ಎಲ್ಲವನ್ನೂ ಕಟ್ಟಿದ ಮೇಲೆ ಒಟ್ಟು ಭಾರ ಕಡಿಮೆಯದಲ್ಲ. ಅದಕ್ಕಿಂತ ಮುಖ್ಯವಾಗಿ, ನಟನ ಮೈಯ ಸುತ್ತಳತೆಯೇ ಬದಲಾಗುತ್ತದೆ. ಭುಜಕೀರ್ತಿ ಕಟ್ಟಿದ ಇಬ್ಬರು ವೇಷಧಾರಿಗಳು ಎದುರುಬದುರಾದಾಗ ಅವರ ನಡುವೆ ಒಂದು ಕನಿಷ್ಠ ಅಂತರ ತಾನಾಗಿಯೇ ಏರ್ಪಡುತ್ತದೆ. ಅದನ್ನು ಮೀರಿದರೆ ಒಡವೆಗೆ ಒಡವೆ ತಾಗುತ್ತದೆ. ಯಕ್ಷಗಾನದ ಯುದ್ಧಕುಣಿತದಲ್ಲಿ ಪ್ರತಿಸ್ಪರ್ಧಿಗಳು ಪರಸ್ಪರ ಸುತ್ತುವರಿಯುತ್ತ, ಬಿಲ್ಲುಬಾಣವನ್ನು ಹಿಡಿದೇ ಇದ್ದು, ಬಾಣವನ್ನು ನಿಜವಾಗಿ ಬಿಡದೆ ಚೆಂಡೆಯ ಪೆಟ್ಟಿಗೆ ಪ್ರಹಾರವನ್ನು ಒಪ್ಪಿಸುವ ಪದ್ಧತಿಗೆ ಈ ವೇಷದ ಅಗಲವೂ ಒಂದು ಕಾರಣವಾಗಿರಬೇಕು. ಸಂಜ್ಞೆಯಿಂದ ಮಾತ್ರ ಆಯುಧದ ಬಿಡುಗಡೆ ಎಂಬ ಶಾಸ್ತ್ರದ ವಿಧಿ ಇಲ್ಲಿ ಓದಿನಿಂದ ಬಂದಿತೋ, ವೇಷದ ಒತ್ತಾಯದಿಂದ ಬಂದಿತೋ ಎಂಬ ಪ್ರಶ್ನೆಗೆ ಎರಡನೆಯ ಉತ್ತರವೇ ಹೆಚ್ಚು ಸಹಜವಾಗಿ ಕಾಣುತ್ತದೆ.

ವೇಷಗಳ ನಡುವಿನ ವ್ಯತ್ಯಾಸವನ್ನೂ ಈ ದೃಷ್ಟಿಯಿಂದ ನೋಡಬಹುದು. ಅಭಿಮನ್ಯು, ಬಭ್ರುವಾಹನರಂತಹ ಪುಂಡುವೇಷಗಳು ಅತಿ ಹೆಚ್ಚು ಕುಣಿಯುವ, ಜಿಗಿಯುವ, ಬಡಗಿನಲ್ಲಾದರೆ ಮಂಡಿ ಹಾಕಿ ತಿರುಗುವ, ತೆಂಕಿನಲ್ಲಾದರೆ ಧೀಂಗಿಣ ಹೊಡೆಯುವ ವೇಷಗಳು. ಅವುಗಳ ತಲೆಗಟ್ಟು ಕೇದಗೆಮುಂದಲೆಯಂತಹ ಸಣ್ಣ, ತಲೆಗೆ ಅಂಟಿ ಕೂರುವ ರಚನೆ. ದೊಡ್ಡ ಕಿರೀಟದ ಬಣ್ಣದ ವೇಷವು ಅಬ್ಬರಿಸುತ್ತದೆ, ಹೆಜ್ಜೆಯ ತೂಕದಿಂದ ರಂಗಸ್ಥಳವನ್ನು ತುಂಬುತ್ತದೆ, ಆದರೆ ಪುಂಡುವೇಷದಂತೆ ಚಿಮ್ಮುವುದಿಲ್ಲ. ಪಾತ್ರದ ವಯಸ್ಸು ಮತ್ತು ಸ್ವಭಾವಗಳಿಂದ ಇದನ್ನು ವಿವರಿಸುವುದು ವಾಡಿಕೆ. ವಿವರಣೆ ಸರಿಯೇ. ಆದರೆ ತಲೆಯ ಮೇಲಿನ ಭಾರ ಮತ್ತು ಕತ್ತಿನ ಕ್ಷೇಮಗಳ ಲೆಕ್ಕವೂ ಈ ವಿಂಗಡಣೆಯಲ್ಲಿ ಅಡಗಿದೆ.

ಇಂತಹ ವೇಷದಲ್ಲಿ ಕಾಳಗ ಮಾಡುವುದನ್ನು ಹುಡುಗರು ಕಲಿಯುತ್ತಿದ್ದುದಾದರೂ ಹೇಗೆ? ಹೆಜ್ಜೆಯ ಪಾಠ ಸಾದಾ ಬಟ್ಟೆಯಲ್ಲಿ, ಪಂಚೆಯ ಕಚ್ಚೆ ಅಥವಾ ಚಡ್ಡಿಯಲ್ಲಿ ನಡೆಯುತ್ತಿತ್ತು. ಆದರೆ ನಿಜವಾದ ಶಾಲೆ ಮೇಳವೇ. ಮೇಳಕ್ಕೆ ಸೇರಿದ ಹುಡುಗ ಮೊದಲು ಕೋಡಂಗಿಯಾಗಿ ರಂಗಸ್ಥಳ ಹತ್ತುತ್ತಿದ್ದ. ಕೋಡಂಗಿಗೆ ವೇಷವೆಂದು ಹೇಳಿಕೊಳ್ಳುವಂತಹುದು ಹೆಚ್ಚೇನೂ ಇಲ್ಲ. ಅಲ್ಲಿಂದ ಬಾಲಗೋಪಾಲ, ಆಗ ತಲೆಗೆ ಕಟ್ಟು, ಮೈಗೆ ಸ್ವಲ್ಪ ಆಭರಣ. ಆಮೇಲೆ ಪೀಠಿಕೆಯ ಸ್ತ್ರೀವೇಷ; ಸೀರೆಯ ನೆರಿಗೆಯೊಂದಿಗೆ ಹೆಜ್ಜೆ ಹಾಕುವ ಅಭ್ಯಾಸ. ಬಳಿಕ ಒಡ್ಡೋಲಗದ ಸಾಲಿನಲ್ಲಿ ಕೊನೆಯ ವೇಷ, ಕ್ರಮೇಣ ಪುಂಡುವೇಷ, ವರ್ಷಗಳು ಸಂದ ಮೇಲೆ ಎದುರುವೇಷ, ಎರಡನೆಯ ವೇಷ. ಈ ಕ್ರಮವನ್ನು ಅನುಭವದ ಏಣಿಯೆಂದು, ಮೇಳದ ಅಂತಸ್ತಿನ ಶ್ರೇಣಿಯೆಂದು ವಿದ್ವಾಂಸರು ವರ್ಣಿಸಿದ್ದಾರೆ. ಅದನ್ನು ಭಾರದ ಏಣಿ ಎಂದೂ ಕರೆಯಬೇಕಾಗುತ್ತದೆ. ಒಂದೊಂದು ಮೆಟ್ಟಿಲಿನಲ್ಲಿ ಹುಡುಗನ ಮೈಮೇಲೆ ಒಂದೊಂದು ಕಟ್ಟು ಹೆಚ್ಚುತ್ತಿತ್ತು. ಹಿಂದಿನ ಕಟ್ಟಿಗೆ ಮೈ ಒಗ್ಗಿದ ಬಳಿಕವೇ ಮುಂದಿನದು. ಕಾಳಗದ ಪಾತ್ರ ಅವನ ಪಾಲಿಗೆ ಬರುವ ಹೊತ್ತಿಗೆ ಭುಜಕೀರ್ತಿಯ ಅಗಲ ಅವನ ಸ್ವಂತ ಭುಜದ ಅಗಲವಾಗಿಬಿಟ್ಟಿರುತ್ತಿತ್ತು. ಬರಿಮೈಯ ಅಭ್ಯಾಸಕ್ಕೂ ತುಂಬುವೇಷದ ಪ್ರಯೋಗಕ್ಕೂ ನಡುವೆ ನಾಟ್ಯಶಾಸ್ತ್ರ ಬಿಟ್ಟಿದ್ದ ಜಾಗವನ್ನು ತುಂಬಿದ್ದು ಈ ಪೂರ್ವರಂಗದ ವ್ಯವಸ್ಥೆ.

ಇದರಿಂದ ಹೊರಡುವ ಮಾತು ಅಹಿತಕರವಾದುದು. ಕಳೆದ ಕೆಲವು ದಶಕಗಳಲ್ಲಿ ಕಾಲಮಿತಿ ಪ್ರಯೋಗಗಳು ಬೆಳೆದಂತೆ ಮೊದಲು ಕತ್ತರಿ ಬಿದ್ದದ್ದು ಪೂರ್ವರಂಗಕ್ಕೆ. ಪ್ರೇಕ್ಷಕರಿಗೆ ಬೇಸರವಾಗುವ ಭಾಗವೆಂದು, ಕಥೆಗೆ ಸಂಬಂಧಿಸದ ಭಾಗವೆಂದು ಕೋಡಂಗಿ, ಬಾಲಗೋಪಾಲರನ್ನು ಕೈಬಿಟ್ಟಾಗ, ಹೊಸಬರು ವೇಷದ ಭಾರವನ್ನು ಹಂತಹಂತವಾಗಿ ಕಲಿಯುವ ತಾಣವೂ ಕಳೆದುಹೋಯಿತು. ಪೂರ್ವರಂಗದ ಲೋಪವನ್ನು ಕುರಿತು ನಡೆದ ಚರ್ಚೆ ಬಹುಪಾಲು ಸಂಪ್ರದಾಯ ಮತ್ತು ಆರಾಧನೆಯ ನೆಲೆಯಲ್ಲಿಯೇ ನಡೆದಿದೆ. ಹುಡುಗನ ಕತ್ತು, ಮೊಣಕಾಲು, ಸೊಂಟಗಳ ನೆಲೆಯಲ್ಲಿ ನಡೆದದ್ದು ಕಡಿಮೆ. 1971ರಲ್ಲಿ ಉಡುಪಿಯಲ್ಲಿ ಸ್ಥಾಪನೆಯಾದ ಯಕ್ಷಗಾನ ಕೇಂದ್ರದಂತಹ ಗುರುಕುಲಗಳು ಪೂರ್ವರಂಗವನ್ನು ಪಾಠದ ಭಾಗವಾಗಿ ಉಳಿಸಿಕೊಂಡದ್ದರ ಮಹತ್ವವನ್ನು ಈ ಹಿನ್ನೆಲೆಯಲ್ಲಿಯೂ ಅಳೆಯಬೇಕು. ಶಿವರಾಮ ಕಾರಂತರು ಯಕ್ಷಗಾನದ ವೇಷಕ್ಕೆ ನಾಟಕ ಕಂಪನಿಗಳ ಥಳುಕು ಬಂದುದನ್ನು ವಿರೋಧಿಸಿದ್ದು ಮುಖ್ಯವಾಗಿ ಸೌಂದರ್ಯದ ಕಾರಣಕ್ಕೆ. ಆದರೆ ಹತ್ತಿಯ ಕಸೆಸೀರೆ ಬೆವರನ್ನು ಹೀರಿಕೊಳ್ಳುತ್ತದೆ, ಗಂಟು ಜಾರದಂತೆ ಹಿಡಿಯುತ್ತದೆ. ನಯವಾದ ಕೃತಕ ನೂಲಿನ ಬಟ್ಟೆ ಇವೆರಡನ್ನೂ ಅಷ್ಟು ಚೆನ್ನಾಗಿ ಮಾಡದು. ಮಣ್ಣಿನ ಗದ್ದೆಯ ರಂಗಸ್ಥಳ ಹೋಗಿ ಹಲಗೆಯ ವೇದಿಕೆ ಬಂದ ಮೇಲೆ ಮಂಡಿ ಹಾಕುವವನ ಮೊಣಕಾಲಿಗೆ ಬೀಳುವ ಪೆಟ್ಟೂ ಬದಲಾಗಿದೆ.

ಮೂಡಲಪಾಯ ಮತ್ತು ದೊಡ್ಡಾಟಗಳ ಕತ್ತಿವರಸೆ, ಅಲ್ಲಿಯ ಮರದ ಭುಜಕೀರ್ತಿ ಮತ್ತು ಕಿರೀಟಗಳು ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾದ ವಿಷಯ. ವೃತ್ತಿನಾಟಕ ಕಂಪನಿಗಳ ಕಾಲಕ್ಕೆ ಬಂದರೆ ಮಖಮಲ್ಲು, ಜರಿ, ಎತ್ತರದ ಪರದೆಗಳ ನಡುವೆ ಕಾಳಗವು ಕುಣಿತದಿಂದ ದೂರವಾಗಿ ಚಮತ್ಕಾರದ ಕಡೆಗೆ ಹೊರಳಿತು. ಗುಬ್ಬಿ ಕಂಪನಿಯ ‘ಕುರುಕ್ಷೇತ್ರ’ದಲ್ಲಿ ಜೀವಂತ ಆನೆ, ಕುದುರೆಗಳೇ ರಂಗಕ್ಕೆ ಬಂದವು. ತಾಳದ ಕಟ್ಟುಪಾಡು ಸಡಿಲವಾದ ಕಡೆ ಏಟಿನ ಲೆಕ್ಕವೂ ಸಡಿಲವಾಗುತ್ತದೆ ಎಂಬುದಷ್ಟನ್ನು ಇಲ್ಲಿ ಹೇಳಿದರೆ ಸಾಕು.

ಯುರೋಪಿನ ಅನುಭವ

ಇದೇ ಪ್ರಶ್ನೆಯನ್ನು ಯುರೋಪಿನ ರಂಗಭೂಮಿ ಬೇರೊಂದು ದಾರಿಯಿಂದ ಎದುರಿಸಿತು. ಅಲ್ಲಿ ರಂಗದ ಖಡ್ಗವು ಬಹುಕಾಲ ನಿಜವಾದ ಖಡ್ಗವೇ ಆಗಿತ್ತು. ಎಲಿಜಬೆತ್ ರಾಣಿಯ ಕಾಲದ ಲಂಡನ್ನಿನಲ್ಲಿ ಕತ್ತಿವರಸೆಯ ಗುರುಗಳ ಸಾರ್ವಜನಿಕ ಪರೀಕ್ಷೆಗಳಿಗೆ ನಾಟಕಶಾಲೆಗಳೂ ಬಳಕೆಯಾಗುತ್ತಿದ್ದವು, ಪ್ರಸಿದ್ಧ ಹಾಸ್ಯನಟ ರಿಚರ್ಡ್ ಟಾರ್ಲ್‌ಟನ್ ಸ್ವತಃ ಆ ಗುರುಗಳ ಪದವಿ ಪಡೆದಿದ್ದ. ನಟನಿಗೆ ಇದ್ದ ರಕ್ಷಣೆಯೆಂದರೆ ಅಂದಿನ ಫ್ಯಾಷನ್ನಿನ ಪ್ರಕಾರ ಒಳಗೆ ಹತ್ತಿ, ನಾರು ತುಂಬಿ ಉಬ್ಬಿಸಿದ ಅಂಗಿ. ಮುಖಕ್ಕೆ ಏನೂ ಇರಲಿಲ್ಲ. ಕಣ್ಣು ಎಷ್ಟು ಸುಲಭವಾಗಿ ಹೋಗಬಹುದೆಂಬುದಕ್ಕೆ ರಂಗದ ಹಿಂದೆ ನಡೆದ ಒಂದು ಘಟನೆಯೇ ಸಾಕು. 1735ರಲ್ಲಿ ಲಂಡನ್ನಿನ ಡ್ರೂರಿ ಲೇನ್ ನಾಟಕಶಾಲೆಯ ವಿಶ್ರಾಂತಿಕೋಣೆಯಲ್ಲಿ ನಟ ಚಾರ್ಲ್ಸ್ ಮ್ಯಾಕ್ಲಿನ್, ಒಂದು ಟೋಪನ್ ಕೂದಲಿಗಾಗಿ ಜಗಳವಾಡಿ, ಸಹನಟನ ಕಣ್ಣಿಗೆ ಕೋಲು ಚುಚ್ಚಿದ. ಆ ನಟ ತೀರಿಕೊಂಡ. ವೇಷಭೂಷಣದ ಮೇಲಿನ ಜಗಳ ಕಾಳಗಕ್ಕಿಂತ ಅಪಾಯಕಾರಿ ಎಂದು ರಂಗಭೂಮಿಯವರು ತಮಾಷೆ ಮಾಡುವುದುಂಟು. ಈ ಪ್ರಕರಣದಲ್ಲಿ ಅದು ತಮಾಷೆಯಾಗಿ ಉಳಿಯಲಿಲ್ಲ.

ಕತ್ತಿವರಸೆಯ ಅಭ್ಯಾಸಕ್ಕೆ ತಂತಿಬಲೆಯ ಮುಖವಾಡ ಬಂದದ್ದು ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ. ಫ್ರಾನ್ಸಿನ ಗುರು ಲಾ ಬೊಎಸಿಯೇರನ ಹೆಸರಿನೊಂದಿಗೆ ಅದು ಸೇರಿಕೊಂಡಿದೆ. ಅದಕ್ಕೆ ಮೊದಲು ಮುಖಕ್ಕೆ ಗುರಿಯಿಡದಿರುವುದು, ಒಬ್ಬನ ಪ್ರಹಾರ ಮುಗಿಯುವವರೆಗೆ ಇನ್ನೊಬ್ಬ ಕಾಯುವುದು ಮುಂತಾದ ಕಟ್ಟುಪಾಡುಗಳೇ ಮುಖವಾಡದ ಕೆಲಸ ಮಾಡುತ್ತಿದ್ದವು. ಮುಖವಾಡ ಬಂದ ಬಳಿಕ ಕ್ರೀಡೆಯ ಕತ್ತಿವರಸೆಯೂ ರಂಗದ ಕತ್ತಿವರಸೆಯೂ ಕವಲೊಡೆದವೆನ್ನಬಹುದು. ಕ್ರೀಡೆ ಉಡುಪಿನ ರಕ್ಷಣೆಯನ್ನು ನಂಬಿ ವೇಗವನ್ನು ಹೆಚ್ಚಿಸಿಕೊಂಡಿತು. 1982ರಲ್ಲಿ ರೋಮ್ ನಗರದ ವಿಶ್ವ ಸ್ಪರ್ಧೆಯಲ್ಲಿ ಮುರಿದ ಕತ್ತಿಯೊಂದು ಮುಖವಾಡವನ್ನು ಸೀಳಿ ಸೋವಿಯತ್ ಕ್ರೀಡಾಪಟು ವ್ಲಾದಿಮಿರ್ ಸ್ಮಿರ್ನೋವ್ ಮೃತಪಟ್ಟ ಮೇಲೆ ಮುಖವಾಡ, ಅಂಗಿ, ಕತ್ತಿಯ ಉಕ್ಕುಗಳ ಗುಣಮಟ್ಟವನ್ನು ಇನ್ನಷ್ಟು ಬಿಗಿಗೊಳಿಸಲಾಯಿತು. ರಂಗಭೂಮಿಗೆ ಈ ದಾರಿ ಮುಚ್ಚಿತ್ತು. ಪ್ರೇಕ್ಷಕನಿಗೆ ನಟನ ಮುಖ ಕಾಣಬೇಕು. ಆದ್ದರಿಂದ ರಂಗಕಾಳಗ ಮತ್ತೆ ಅಂತರ, ನಿಶ್ಚಿತ ಗುರಿ, ಕಣ್ಣಿನ ಸಂಜ್ಞೆಗಳ ಹಳೆಯ ಕಟ್ಟುಪಾಡಿಗೇ ಮರಳಬೇಕಾಯಿತು.

ಮರಳುವ ದಾರಿ ನೇರವಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೆನ್ರಿ ಇರ್ವಿಂಗ್ ಲಂಡನ್ನಿನ ಲೈಸಿಯಂ ನಾಟಕಶಾಲೆಯಲ್ಲಿ 1885ರಲ್ಲಿ ಪ್ರಯೋಗಿಸಿದ ‘ಫೌಸ್ಟ್’ ನಾಟಕದ ದ್ವಂದ್ವಯುದ್ಧದಲ್ಲಿ ಕತ್ತಿಗೆ ಕತ್ತಿ ತಾಗಿದಾಗ ವಿದ್ಯುತ್ತಿನ ಕಿಡಿ ಹಾರುವಂತೆ ಏರ್ಪಾಡು ಮಾಡಿದ್ದ. ಅವನ ನಾಟಕಶಾಲೆಯ ವ್ಯವಸ್ಥಾಪಕನಾಗಿದ್ದ ಬ್ರಾಮ್ ಸ್ಟೋಕರ್ 1906ರ ತನ್ನ ನೆನಪುಗಳಲ್ಲಿ ಅದರ ವಿವರ ಕೊಟ್ಟಿದ್ದಾನೆ. ರಂಗದ ನೆಲದಲ್ಲಿ ಎರಡು ಕಬ್ಬಿಣದ ಫಲಕಗಳು. ಇಬ್ಬರು ನಟರೂ ತಮ್ಮ ಬಲಗಾಲನ್ನು ಅವುಗಳ ಮೇಲೆಯೇ ಇಡಬೇಕು. ಬೂಟಿನಿಂದ ಹೊರಟ ತಂತಿ ಉಡುಪಿನ ಒಳಗಿನಿಂದ ಮೇಲೇರಿ ರಬ್ಬರಿನ ಕೈಚೀಲದ ಅಂಗೈಯಲ್ಲಿದ್ದ ಉಕ್ಕಿನ ತುಂಡಿಗೆ ಸೇರುತ್ತಿತ್ತು. ಆ ಕೈಚೀಲ ರಕ್ಷಣೆಯ ಉಡುಪೂ ಹೌದು, ಚಮತ್ಕಾರದ ಯಂತ್ರವೂ ಹೌದು. ನಟನ ಮೈಗೂ ವಿದ್ಯುತ್ತಿಗೂ ನಡುವೆ ಇದ್ದದ್ದು ಒಂದು ಪದರ ರಬ್ಬರು. ಅದೇ ನಗರದ ನಾವೆಲ್ಟಿ ನಾಟಕಶಾಲೆಯಲ್ಲಿ 1896ರ ಆಗಸ್ಟಿನಲ್ಲಿ ಒಬ್ಬ ನಟ ರಂಗಪರಿಕರದ ಬದಲು ನಿಜವಾದ ಕಠಾರಿಯನ್ನು ಬಳಸಿದ. ಸಹನಟನ ಎದೆಗೆ ಅದು ನಾಟಿ ಅವನು ಪ್ರಾಣಬಿಟ್ಟ. ಎದೆಯ ಮೇಲೆ ಇದ್ದದ್ದು ಪಾತ್ರದ ಬಟ್ಟೆ ಮಾತ್ರ. ಆಯುಧವು ಅನುಕೃತಿಯೇ ಆಗಿರಬೇಕೆಂಬ ಆಹಾರ್ಯಪ್ರಕರಣದ ವಿಧಿಯನ್ನು ಲಂಡನ್ನಿನ ಆ ರಂಗಮಂದಿರ ಒಂದು ಜೀವದ ಬೆಲೆ ಕೊಟ್ಟು ತಿಳಿಯಬೇಕಾಯಿತು.

ಇದೇ ಕಾಲದಲ್ಲಿ ಎಗರ್ಟನ್ ಕ್ಯಾಸಲ್ ಮತ್ತು ಕ್ಯಾಪ್ಟನ್ ಆಲ್‌ಫ್ರೆಡ್ ಹಟನ್ ಹಳೆಯ ಕತ್ತಿವರಸೆಯ ಗ್ರಂಥಗಳನ್ನು ಅಭ್ಯಾಸ ಮಾಡಿ ಅದನ್ನು ಪ್ರಾತ್ಯಕ್ಷಿಕೆಗಳಲ್ಲಿ ತೋರಿಸತೊಡಗಿದರು. ಆದರೆ ರಂಗಕಾಳಗದ ನಿರ್ದೇಶನ ಒಂದು ಸ್ವತಂತ್ರ ವೃತ್ತಿಯಾಗಿ ಸಂಘಟಿತವಾದದ್ದು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ. ಬ್ರಿಟನ್ನಿನಲ್ಲಿ 1969ರಲ್ಲಿ, ಅಮೆರಿಕದಲ್ಲಿ 1977ರಲ್ಲಿ ಕಾಳಗ ನಿರ್ದೇಶಕರ ಸಂಘಗಳು ಸ್ಥಾಪನೆಯಾದವು.

ಅಭ್ಯಾಸದ ಕೋಣೆಯಲ್ಲಿ

ಈ ಹೊಸ ಶಿಕ್ಷಣಕ್ರಮದಲ್ಲಿ ಅಭ್ಯಾಸದ ಉಡುಪಿನ ನಿಯಮಗಳು ಸರಳ. ಚಾಚಲು, ಬಗ್ಗಲು, ಉರುಳಲು ಅಡ್ಡಿಯಾಗದ ಉದ್ದನೆಯ ಪೈಜಾಮ. ಹಿಡಿತವಿರುವ, ಬೆರಳು ಮುಚ್ಚುವ, ಮಟ್ಟವಾದ ಅಡಿಯ ಪಾದರಕ್ಷೆ. ನೆಲಕ್ಕೆ ಬೀಳುವ ಪಾಠವಿದ್ದರೆ ಮೊಣಕಾಲು, ಮೊಣಕೈಗಳಿಗೆ ಮೆತ್ತೆ. ಕತ್ತಿಯ ಪಾಠವಿದ್ದರೆ ಕೈಚೀಲ. ಉಂಗುರ, ಸರ, ಗಡಿಯಾರ, ಕಿವಿಯೋಲೆಗಳನ್ನು ತೆಗೆದಿಡಬೇಕು, ಕೂದಲು ಕಟ್ಟಿರಬೇಕು, ಉಗುರು ಕತ್ತರಿಸಿರಬೇಕು. ಸಡಿಲವಾದ ತೋಳು ಎದುರಾಳಿಯ ಬೆರಳಿಗೆ ಸಿಕ್ಕಿಕೊಳ್ಳುತ್ತದೆ. ಸರ ಹಿಡಿದೆಳೆದರೆ ಕುತ್ತಿಗೆ ಕೊಯ್ಯುತ್ತದೆ. ಉಂಗುರವಿದ್ದ ಕೈಯ ಸುಳ್ಳೇಟೂ ತಪ್ಪಿ ತಾಗಿದರೆ ನಿಜವಾದ ಗಾಯ. ವೀರಗಲ್ಲಿನ ಶಿಲ್ಪಿ ಕೆತ್ತಿದ್ದಕ್ಕಿಂತ ಇದು ತೀರಾ ಬೇರೆಯಲ್ಲ.

ಆದರೆ ಈ ನಿಯಮಗಳು ಪ್ರಶ್ನೆಯ ಅರ್ಧಕ್ಕೆ ಮಾತ್ರ ಉತ್ತರ. ಹಗುರವಾದ ಉಡುಪಿನಲ್ಲಿ ಮೂರು ವಾರ ಕಲಿತ ಕಾಳಗವನ್ನು ಪ್ರಯೋಗದ ಮುನ್ನಾದಿನ ಹೊಲಿದು ಬಂದ ನಿಲುವಂಗಿ, ಎತ್ತರದ ಹಿಮ್ಮಡಿ, ದೃಷ್ಟಿಗೆ ಅಡ್ಡವಾಗುವ ಶಿರಸ್ತ್ರಾಣದೊಂದಿಗೆ ಮಾಡಬೇಕಾಗಿ ಬಂದಾಗ ಅಂತರದ ಲೆಕ್ಕವೆಲ್ಲ ತಪ್ಪುತ್ತದೆ. ಕಾಳಗದ ಅಭ್ಯಾಸವನ್ನು ಆರಂಭದಿಂದಲೇ ಬದಲಿ ಬೂಟು, ಬದಲಿ ಲಂಗಗಳೊಂದಿಗೆ ಮಾಡಬೇಕೆಂದು ಅನುಭವಿ ನಿರ್ದೇಶಕರು ಒತ್ತಾಯಿಸುವುದು ಇದಕ್ಕಾಗಿಯೇ. ಚೀನಾದ ಬೀಜಿಂಗ್ ಸಂಗೀತನಾಟಕದ ಶಾಲೆಗಳು ಇದನ್ನು ಹಿಂದಿನಿಂದಲೂ ಬಲ್ಲವು. ಬೆನ್ನಿಗೆ ನಾಲ್ಕು ಬಾವುಟಗಳನ್ನು ಕಟ್ಟಿ, ದಪ್ಪ ಅಡಿಯ ಬೂಟು ತೊಟ್ಟು ಹೋರಾಡಬೇಕಾದ ಸೇನಾಪತಿಯ ಪಾತ್ರಕ್ಕೆ ಸಿದ್ಧನಾಗುವ ಹುಡುಗ, ಮೈಗೆ ಸಾದಾ ಬಟ್ಟೆಯಿದ್ದರೂ ಕಾಲಿಗೆ ಮಾತ್ರ ಆ ದಪ್ಪ ಅಡಿಯ ಬೂಟನ್ನೇ ಹಾಕಿಕೊಂಡು ಅಭ್ಯಾಸ ಮಾಡುತ್ತಾನೆ. ನಡುವಿಗೆ ಅಗಲವಾದ ಪಟ್ಟಿ ಬಿಗಿದಿರುತ್ತಾನೆ. ವೇಷದಲ್ಲಿ ಅತ್ಯಂತ ಕಷ್ಟದ ಭಾಗ ಯಾವುದೋ ಅದು ಮೊದಲು ಬರುತ್ತದೆ. ಪೂರ್ವರಂಗದ ಏಣಿಯಲ್ಲಿ ಭಾರ ಮೆಲ್ಲಗೆ ಏರಿದರೆ ಇಲ್ಲಿ ಕಠಿಣವಾದದ್ದೇ ಮೊದಲ ಪಾಠ. ಕ್ರಮ ಬೇರೆಯಾದರೂ ಎರಡೂ ಕಡೆ ವೇಷ ಕೊನೆಯ ದಿನದ ಅತಿಥಿಯಲ್ಲ.

ಕರ್ನಾಟಕದ ಆಧುನಿಕ ರಂಗಶಿಕ್ಷಣದಲ್ಲಿ, ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಲ್ಲಿ ಆರಂಭವಾದಂದಿನಿಂದ, ಯಕ್ಷಗಾನ ಮತ್ತು ಕಳರಿಪಯಟ್ಟಿನ ಹೆಜ್ಜೆಗಳು ನಟನ ಮೈಸಾಧನೆಯ ಭಾಗವಾಗಿ ನೆಲೆಗೊಂಡಿವೆ. ಬಿ.ವಿ. ಕಾರಂತರು 1979ರಲ್ಲಿ ರಾಷ್ಟ್ರೀಯ ನಾಟಕ ಶಾಲೆಯ ರೆಪರ್ಟರಿಗಾಗಿ ಹಿಂದಿಯಲ್ಲಿ ನಿರ್ದೇಶಿಸಿದ ‘ಬರ್ನಮ್ ವನ’, ಅಂದರೆ ಶೇಕ್ಸ್‌ಪಿಯರನ ‘ಮ್ಯಾಕ್‌ಬೆತ್’, ಯಕ್ಷಗಾನದ ಚಲನೆಗಳನ್ನು ಬಳಸಿಕೊಂಡು ಆ ನಾಟಕದ ಹೋರಾಟಕ್ಕೆ ತಾಳದ ಕಟ್ಟುಪಾಡನ್ನು ಮತ್ತೆ ತಂದಿತು. ಆದರೆ ಹೆಜ್ಜೆಯನ್ನು ಎರವಲು ಪಡೆದಷ್ಟು ಸುಲಭವಾಗಿ ಆ ಹೆಜ್ಜೆಯನ್ನು ಕಾಪಾಡುತ್ತಿದ್ದ ಕಟ್ಟನ್ನು ಎರವಲು ಪಡೆಯಲಾಗಿಲ್ಲ. ಕಳರಿಯ ಆಳವಾದ ಮಂಡಿಯನ್ನು ಕಚ್ಚವಿಲ್ಲದೆ, ಎಣ್ಣೆಯಿಲ್ಲದೆ, ಮಣ್ಣಿಲ್ಲದೆ ಸಿಮೆಂಟಿನ ನೆಲದ ಮೇಲೆ ಕಲಿಸಿದರೆ ಅದು ಅದೇ ಪಾಠವಾಗಿ ಉಳಿಯುವುದಿಲ್ಲ.

ಹೆಣ್ಣುಮಕ್ಕಳು ಈ ಅಭ್ಯಾಸಕ್ಕೆ ಬಂದ ಮೇಲೆ ಪ್ರಶ್ನೆಗೆ ಇನ್ನೊಂದು ಮುಖ ಸೇರಿತು. ಚೂಡಿದಾರ ತೊಟ್ಟವರು ವೇಲನ್ನು ಎದೆಯ ಮೇಲೆ ಅಡ್ಡಹಾಯಿಸಿ ಸೊಂಟಕ್ಕೆ ಬಿಗಿಯುತ್ತಾರೆ. ಇದು ನೃತ್ಯಶಾಲೆಗಳಿಂದ ಬಂದ ರೂಢಿ. ಕಾಳಗದ ಪಾಠಕ್ಕೆ ವೇಲನ್ನು ತೆಗೆದಿಡುವುದೇ ಕ್ಷೇಮ. ಆದರೆ ಕಟ್ಟಿದ ವೇಲು ನಡುಕಟ್ಟಿನ ಕೆಲಸವನ್ನೂ ಒಂದಿಷ್ಟು ಮಾಡುತ್ತದೆ. ಗಾಜಿನ ಬಳೆಗಳನ್ನು ಕಳಚಲೇಬೇಕು. ಮಾಂಗಲ್ಯಸರದ ವಿಷಯ ಅಷ್ಟು ಸಲೀಸಲ್ಲ. ತೆಗೆಯಲು ಒಪ್ಪದವರು ಅದನ್ನು ರವಿಕೆಯೊಳಗೆ ಸೇರಿಸಿ ಪಿನ್ನು ಹಾಕುತ್ತಾರೆ, ಆಗ ಉರುಳುವ ಪಾಠದಲ್ಲಿ ಪಿನ್ನೇ ಹೊಸ ಅಪಾಯ. ಮೈಗೆ ಒತ್ತಿ ಕೂರುವಂತೆ ಮೆತ್ತನೆಯ ಬಟ್ಟೆಯ ಪಟ್ಟಿಯನ್ನು ಅದರ ಮೇಲೆ ಸುತ್ತಿ ಬಿಗಿಯುವುದು ಇದಕ್ಕಿಂತ ಮೇಲು. ಕಿತ್ತೂರು ಚೆನ್ನಮ್ಮ, ಓಬವ್ವರ ಪಾತ್ರ ವಹಿಸುವ ನಟಿಯರು ರಂಗದ ಮೇಲೆ ಗಂಡುಗಚ್ಚೆಯಲ್ಲಿಯೇ ಹೋರಾಡುತ್ತಾರೆ. ಒಂಬತ್ತು ಗಜದ ಸೀರೆಯ ಆ ಕಚ್ಚೆಯನ್ನು ಉಡುವುದಕ್ಕೂ ಅದರಲ್ಲಿ ಕಾಲು ಬೀಸುವುದಕ್ಕೂ ಸಾಕಷ್ಟು ಅಭ್ಯಾಸ ಬೇಕು; ಹಿಂದಿನ ಸಿಕ್ಕು ಸಡಿಲವಾದರೆ ಬಟ್ಟೆ ಹಿಮ್ಮಡಿಗೆ ಬರುತ್ತದೆ, ಹಿಂದಕ್ಕೆ ಇಡುವ ಮೊದಲ ಹೆಜ್ಜೆಯಲ್ಲಿಯೇ ನಟಿ ಬೀಳುತ್ತಾಳೆ. ಅಭ್ಯಾಸದ ಮೊದಲ ದಿನದಿಂದಲೇ ಹಳೆಯ ಹತ್ತಿಯ ಸೀರೆಯೊಂದನ್ನು ಗಂಡುಗಚ್ಚೆಯಾಗಿ ಉಡಿಸಿ ಕಲಿಸಿದ ಕಡೆಗಳಲ್ಲಿ ಹಿಂದಿನ ಸಿಕ್ಕನ್ನು ನಡುಪಟ್ಟಿಯ ಒಳಗೆ ಎರಡು ಸುತ್ತು ಸೇರಿಸಿ ಬಿಗಿಯುವ ಕ್ರಮವನ್ನು ನಟಿಯರೇ ಕಂಡುಕೊಂಡಿದ್ದಾರೆ.